ಹೊರಗೆ ಬಂದ ಕೋಣೆ ಒಳಗೆ ಹೋಗದಿದ್ದರೆ: ಹಳೇಬೀಡು ಸೀಮೆಯ ಮೆಕ್ಯಾನಿಕ್‌ಗಳಿಗೆ ಬಹಿರಂಗ ಪತ್ರ

ಬಸ್ತಿಹಳ್ಳಿ, ಹಳೇಬೀಡು, ಬೇಲೂರು, ಜಾವಗಲ್ ಮತ್ತು ಅರಸೀಕೆರೆಯ ಗ್ಯಾರೇಜ್ ಮೇಸ್ತ್ರಿಗಳು, ಆಟೊ ಎಲೆಕ್ಟ್ರಿಷಿಯನ್‌ಗಳು, ಜೆಸಿಬಿ ಮತ್ತು ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳಿಗೆ,

ಕೆಲವು ಕ್ಯಾರವಾನ್‌ಗಳಲ್ಲಿ ಗೋಡೆಯ ಒಂದು ಭಾಗ ನೆಲ, ಚಾವಣಿ, ಸೋಫಾ ಸಮೇತ ಹೊರಗೆ ಸರಿದು ಒಳಗಿನ ಜಾಗ ಹೆಚ್ಚಿಸುತ್ತದೆ. ಹೀಗೆ ಸರಿಯುವ ಪೆಟ್ಟಿಗೆಗೆ ಸ್ಲೈಡ್‌ಔಟ್ ಎನ್ನುತ್ತಾರೆ. ಬೆಂಕಿಪೊಟ್ಟಣದ ಒಳಗೂಡು ಹೊರಗೆ ಬಂದಂತೆ ಅದರ ಚಲನೆ. ರಸ್ತೆಯ ಮೇಲೆ ವಾಹನದ ಅಗಲ ಹೆಚ್ಚುಕಡಿಮೆ ಎರಡೂವರೆ ಮೀಟರ್ ಮೀರುವಂತಿಲ್ಲ. ಹೀಗಾಗಿ ಓಡುವಾಗ ಇಕ್ಕಟ್ಟಾಗಿದ್ದು ನಿಂತಾಗ ಅಗಲವಾಗುವ ಮನೆಗೆ ಈ ಉಪಾಯ ಹುಟ್ಟಿತು. ಅಮೆರಿಕದ ನ್ಯೂಮಾರ್ ಕಂಪನಿ 1990ರ ಸುಮಾರಿಗೆ ಇದನ್ನು ತನ್ನ ವಾಹನಗಳಲ್ಲಿ ತಂದಿತು. ಆಮೇಲೆ ಅಲ್ಲಿನ ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಇದು ಸಾಮಾನ್ಯವಾಯಿತು.

ಕರ್ನಾಟಕದಲ್ಲಿ ಬಾಡಿಗೆಗೆ ಸಿಗುವ ಸಣ್ಣ ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ ಸ್ಲೈಡ್‌ಔಟ್ ಇರುವುದಿಲ್ಲ. ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಚಪ್ಪರವೇ ಅವುಗಳ ಹೆಚ್ಚುವರಿ ಕೋಣೆ. ಬಸ್ ಅಥವಾ ಲಾರಿ ಚಾಸಿಯ ಮೇಲೆ ಕಟ್ಟಿದ ದೊಡ್ಡ ಕ್ಯಾರವಾನ್, ಸಿನಿಮಾದವರ ವ್ಯಾನಿಟಿ ವ್ಯಾನ್, ಪಕ್ಕ ಬಿಚ್ಚಿಕೊಂಡು ವೇದಿಕೆಯಾಗುವ ಪ್ರಚಾರದ ವಾಹನ ಇವುಗಳಲ್ಲಿ ಇದು, ಅಥವಾ ಇದರದೇ ಜಾತಿಯ ಯಂತ್ರ, ಕಾಣಸಿಗುತ್ತದೆ. ಇಂಥ ವಾಹನಗಳು ಈ ಸೀಮೆಗೂ ಬರಲು ಕಾರಣವಿದೆ: 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿನ ಹೊಯ್ಸಳೇಶ್ವರನನ್ನು ನೋಡಿದವರು ಬಸ್ತಿಹಳ್ಳಿಯ ಮೂರು ಬಸದಿಗಳತ್ತ ನಡೆದು, 1133ರಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕನ್ನಡಿಯಂತೆ ಹೊಳೆಯುವ ಕಂಬಗಳ ಮುಂದೆ ನಿಲ್ಲುತ್ತಾರೆ. ಇಂಥ ಕಡೆ ರಾತ್ರಿ ತಂಗಿದ ವಾಹನದ ಪೆಟ್ಟಿಗೆ ಬೆಳಿಗ್ಗೆ ಒಳಗೆ ಹೋಗದೆ ನಿಂತರೆ, ಅದನ್ನು ಕಟ್ಟಿದವರ ವರ್ಕ್‌ಶಾಪ್ ಬೆಂಗಳೂರಿನಲ್ಲಿದ್ದರೂ ಇನ್ನೂರು ಕಿಲೋಮೀಟರ್‌ಗೂ ದೂರ. ಕರೆ ಬರುವುದು ಹತ್ತಿರದ ಗ್ಯಾರೇಜಿಗೆ. ಈ ಪತ್ರ ಆ ಕರೆಗಾಗಿ.

ಇಲ್ಲಿನ ಕಸುಬುದಾರರಿಗೆ ಇದರಲ್ಲಿ ಗೊತ್ತಿಲ್ಲದ ಯಂತ್ರವೇನೂ ಇಲ್ಲ. ಸ್ಟಾರ್ಟರ್ ಮೋಟಾರು, ರಿಲೇ, ಹಲ್ಲಿನ ಪಟ್ಟಿ, ಹೈಡ್ರಾಲಿಕ್ ಸಿಲಿಂಡರ್ ಎಲ್ಲವೂ ದಿನನಿತ್ಯ ಕೈಗೆ ಸಿಗುವ ಸಾಮಾನುಗಳೇ. ಹೊಸದು ಒಂದೇ: ಪೆಟ್ಟಿಗೆಯ ಎರಡು ಬದಿಯೂ ಜೊತೆಯಾಗಿ ಚಲಿಸಬೇಕು. ಒಂದು ಬದಿ ಮುಂದಾಗಿ ಇನ್ನೊಂದು ಹಿಂದುಳಿದರೆ ಇಡೀ ಕೋಣೆ ಓರೆಯಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಜಾಕಿ ಕೊಟ್ಟು ದೂಡುವುದು, ಹಾರೆ ಹಾಕಿ ಮೀಟುವುದು, ಇನ್ನೊಂದು ಗಾಡಿಯಿಂದ ಹಗ್ಗ ಕಟ್ಟಿ ಎಳೆಯುವುದು ಈ ಒಂದು ಕಾರಣಕ್ಕೇ ನಿಷಿದ್ಧ. ಫ್ಯೂಸ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಗೋಡೆ ಒಡೆದು ಹೊಸದಾಗಿ ಕಟ್ಟುವ ಮಟ್ಟಕ್ಕೆ ಹೋಗುವುದು ಹೀಗೆಯೇ.

ಮೊದಲು ಸುತ್ತಲೂ ನೋಡಬೇಕು, ಸ್ಪ್ಯಾನರ್ ಆಮೇಲೆ. ಸೋಫಾದ ಕೆಳಗೆ ಉರುಳಿಹೋದ ಸ್ಟೀಲ್ ಲೋಟ, ಮಗುವಿನ ಚಪ್ಪಲಿ, ಅರ್ಧ ತೆರೆದ ಬೀರುವಿನ ಬಾಗಿಲು, ಹಿಂದಕ್ಕೆ ವಾಲಿಸಿದ ಡ್ರೈವರ್ ಸೀಟು, ಇವುಗಳಲ್ಲಿ ಯಾವುದಾದರೂ ಒಂದು ಸಾಕು ಪೆಟ್ಟಿಗೆ ನಿಲ್ಲಲು. ಹೊರಗೆ ಹುಣಸೆಯ ಕೊಂಬೆ, ಕಾಂಪೌಂಡ್ ಗೋಡೆ, ವಿದ್ಯುತ್ ಕಂಬ. ಪೆಟ್ಟಿಗೆಯ ನೆತ್ತಿಯ ಮೇಲೆ ರಾತ್ರಿಯೆಲ್ಲ ಉದುರಿದ ಹೊಂಗೆ ಎಲೆ, ಕಡ್ಡಿ, ಕಾಯಿ ಒಳಗೆ ಸೆಳೆದುಕೊಂಡು ಹೋದರೆ ಮೇಲಿನ ರಬ್ಬರ್ ಸೀಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಏಣಿ ಹಾಕಿ ನೋಡದೆ ಇದು ತಿಳಿಯುವುದಿಲ್ಲ. ವಾಹನ ನಿಂತ ನೆಲವನ್ನೂ ಗಮನಿಸಬೇಕು. ಒಂದು ಚಕ್ರ ತಗ್ಗಿನಲ್ಲಿದ್ದರೆ ಚಾಸಿ ತುಸು ತಿರುಚಿಕೊಂಡು ಬಾಗಿಲಿನ ಚೌಕಟ್ಟಿನಂಥ ತೆರಪು ಓರೆಯಾಗುತ್ತದೆ. ಸಮತಟ್ಟಾದ ಊರಿನಲ್ಲಿ ಸರಾಗವಾಗಿ ಓಡಿದ ಪೆಟ್ಟಿಗೆ ಕೆರೆ ದಂಡೆಯ ಇಳಿಜಾರಿನಲ್ಲಿ ಮುಷ್ಕರ ಹೂಡುವುದಕ್ಕೆ ಇದೇ ಕಾರಣ. ಸಮತಟ್ಟು ಮಾಡುವ ಜಾಕ್‌ಗಳನ್ನು ಪೆಟ್ಟಿಗೆ ಸರಿಯುವ ಮೊದಲು ಇಳಿಸಬೇಕೋ ನಂತರವೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ವಾಹನದ ಕೈಪಿಡಿ ಹೇಳಿದ್ದೇ ಅಂತಿಮ.

ಎರಡನೆಯದು ಅನುಮತಿ. ಓಡುವ ಗಾಡಿಯಲ್ಲಿ ಪೆಟ್ಟಿಗೆ ಹೊರಗೆ ಬಂದರೆ ಅನಾಹುತವಾದ್ದರಿಂದ ತಯಾರಕರು ಹಲವು ಅಡ್ಡಗಾವಲುಗಳನ್ನು ಇಟ್ಟಿರುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಕೀಲಿ ಆನ್ ಅಥವಾ ಆಫ್ ಯಾವುದೋ ಒಂದು ಸ್ಥಿತಿಯಲ್ಲಿರಬೇಕು, ಬ್ಯಾಟರಿ ಕಟ್‌ಆಫ್ ಸ್ವಿಚ್ ಆನ್ ಇರಬೇಕು. ಕೆಲವು ವಾಹನಗಳಲ್ಲಿ ಪ್ರಯಾಣದ ಸಮಯದಲ್ಲಿ ಪೆಟ್ಟಿಗೆಯನ್ನು ಹಿಡಿದಿಡುವ ಕೈಚಿಲಕವೂ ಉಂಟು. ಅದನ್ನು ತೆಗೆಯದೆ ಗುಂಡಿ ಒತ್ತಿದವರು ಮೋಟಾರನ್ನೋ ಚಿಲಕವನ್ನೋ ಕಳೆದುಕೊಂಡಿರುತ್ತಾರೆ. ಹ್ಯಾಂಡ್‌ಬ್ರೇಕ್‌ನ ಸಣ್ಣ ಸ್ವಿಚ್ ಧೂಳು ಹಿಡಿದು ಕೆಟ್ಟರೂ ಯಂತ್ರಕ್ಕೆ ಬ್ರೇಕ್ ಹಾಕಿಲ್ಲವೆಂದೇ ಲೆಕ್ಕ. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ದೀಪ ಬರುತ್ತಿಲ್ಲವಾದರೆ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಇವೆರಡೂ ಸರಿಯಿದ್ದ ಮೇಲೆ ಕರೆಂಟು. ಕೆಟ್ಟಿತೆಂದು ಬಿಚ್ಚಿದ ಮೋಟಾರುಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ, ಹೊಟ್ಟೆಗೆ ಸಾಲದೆ ನಿಂತಿರುತ್ತವೆ. ಕಾರಣ ಸರಳ. ರಾತ್ರಿಯಿಡೀ ಫ್ಯಾನು, ಫ್ರಿಜ್ಜು, ದೀಪ ಒಳಗಿನ ಬ್ಯಾಟರಿಯನ್ನು ಕುಡಿದಿರುತ್ತವೆ. ಬೆಳಗಾದ ಮೇಲೆ ಅದೇ ಬ್ಯಾಟರಿ ಕ್ವಿಂಟಲ್‌ಗಟ್ಟಲೆ ತೂಕದ ಕೋಣೆಯನ್ನು ಎಳೆಯಬೇಕು. 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ತುಂಬಿ, ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.2 ಎಂದರೆ ಸರಿಸುಮಾರು ಅರ್ಧ. 12ಕ್ಕಿಂತ ಕೆಳಗೆ ಎಂದರೆ ಬಹುತೇಕ ಖಾಲಿ. ಆದರೆ ಸುಮ್ಮನಿದ್ದಾಗಿನ ಅಳತೆಯನ್ನೇ ನಂಬಿ ಕೂರಬಾರದು. ಒಬ್ಬರು ಗುಂಡಿ ಒತ್ತಿ ಹಿಡಿದಾಗ ಇನ್ನೊಬ್ಬರು ಮೊದಲು ಬ್ಯಾಟರಿಯ ತುದಿಗಳಲ್ಲಿ, ಆಮೇಲೆ ಮೋಟಾರಿನ ತುದಿಗಳಲ್ಲಿ ಮೀಟರ್ ಹಿಡಿಯಬೇಕು. ಎರಡರ ನಡುವೆ ಒಂದು ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಷ ಇರುವುದು ನಡುವಿನ ವೈರಿಂಗಿನಲ್ಲಿ: ಸಡಿಲ ಟರ್ಮಿನಲ್, ಹಸಿರುಗಟ್ಟಿದ ತುದಿ, ಸಣ್ಣ ವೈರು, ಅಥವಾ ಬಾಡಿ ಅರ್ತ್. 0.05 ಓಮ್‌ನಷ್ಟು ಸಣ್ಣ ಅಡ್ಡಿಯೂ 40 ಆಂಪಿಯರ್ ಹರಿಯುವಾಗ 2 ವೋಲ್ಟ್ ನುಂಗುತ್ತದೆ. ಟೆಸ್ಟ್ ಲ್ಯಾಂಪ್ ಅಷ್ಟಿಷ್ಟು ಕರೆಂಟಿನಲ್ಲೇ ಚೆನ್ನಾಗಿ ಉರಿಯುವುದರಿಂದ ಈ ತಪ್ಪು ಅದಕ್ಕೆ ಕಾಣುವುದಿಲ್ಲ. ಮೀಟರ್ ಬೇಕೇ ಬೇಕು. ಇಂಜಿನ್ ಸ್ಟಾರ್ಟ್ ಮಾಡಿದರೆ ಅಥವಾ ಚಾರ್ಜರ್ ಹಾಕಿದರೆ ಪೆಟ್ಟಿಗೆ ಚಲಿಸಿತೆಂದರೆ ರೋಗ ಅರ್ಧ ಪತ್ತೆಯಾದಂತೆ.

ಲಿಥಿಯಂ ಬ್ಯಾಟರಿಯಿದ್ದ ವಾಹನಗಳಲ್ಲಿ ಇನ್ನೊಂದು ಮಾತು. ಅದರೊಳಗಿನ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್, ಒಮ್ಮೆಲೇ ಹೆಚ್ಚು ಆಂಪಿಯರ್ ಎಳೆದರೆ ಬ್ಯಾಟರಿಯನ್ನೇ ಬಂದ್ ಮಾಡಿಬಿಡುತ್ತದೆ. ಹೈಡ್ರಾಲಿಕ್ ಪಂಪು ಹೊರಡುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಕೇಳುವುದುಂಟು. ಗುಂಡಿ ಒತ್ತಿದ ಕೂಡಲೇ ಒಳಗಿನ ದೀಪಗಳೂ ಆರಿಹೋದರೆ ಸಂಶಯ ಇಲ್ಲಿಗೇ ಬರಬೇಕು.

ನಮ್ಮ ದೇಶದ ವಾಹನಗಳಿಗೇ ವಿಶೇಷವಾದ ತೊಡಕೊಂದಿದೆ. ಸ್ಲೈಡ್‌ಔಟಿನ ಸಾಮಗ್ರಿ ಸಾಮಾನ್ಯವಾಗಿ ವಿದೇಶದ್ದು, 12 ವೋಲ್ಟಿನದು. ಇಲ್ಲಿನ ದೊಡ್ಡ ಬಸ್ಸು, ಲಾರಿ ಚಾಸಿಗಳು 24 ವೋಲ್ಟಿನವು. ಇವೆರಡನ್ನು ಜೋಡಿಸಲು ಬಾಡಿ ಕಟ್ಟಿದವರು ಎರಡು ದಾರಿ ಹಿಡಿಯುತ್ತಾರೆ. ಮೊದಲನೆಯದು 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್. ಅದು 20 ಅಥವಾ 30 ಆಂಪಿಯರ್ ಮಾತ್ರ ಕೊಡಬಲ್ಲದ್ದಾದರೆ, ಮೋಟಾರು ಹೊರಡುವ ಕ್ಷಣದ ಹಸಿವಿಗೆ ಸಾಲದೆ ಕೈಚೆಲ್ಲುತ್ತದೆ. ಪೆಟ್ಟಿಗೆ ಒಂದು ಅಂಗುಲ ಜಗ್ಗಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮತ್ತೊಂದು ಅಂಗುಲ. ಎರಡನೆಯದು ಜಾಣತನವೆಂದು ತೋರುವ ಅಡ್ಡದಾರಿ: ಸಾಲಾಗಿ ಜೋಡಿಸಿದ ಎರಡು ಬ್ಯಾಟರಿಗಳ ನಡುವಿನಿಂದ 12 ವೋಲ್ಟ್ ಕದಿಯುವುದು. ಲಾರಿಗೆ ಟೇಪ್‌ರೆಕಾರ್ಡರ್ ಕೂರಿಸುವಾಗ ನಡೆಯುವ ಈ ವಿದ್ಯೆ ಇಲ್ಲಿ ಕೈಕೊಡುತ್ತದೆ. ಕೆಳಗಿನ ಬ್ಯಾಟರಿ ಸದಾ ಹಸಿದಿರುತ್ತದೆ, ಮೇಲಿನದಕ್ಕೆ ಚಾರ್ಜ್ ಮಿತಿಮೀರುತ್ತದೆ, ಕೆಲವೇ ತಿಂಗಳಲ್ಲಿ ಎರಡೂ ಕೆಡುತ್ತವೆ. ಇಂಥ ಜೋಡಣೆ ಕಂಡರೆ ಪೆಟ್ಟಿಗೆಗೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ, ಅದಕ್ಕೊಂದು ಚಾರ್ಜರ್ ಕೂರಿಸುವಂತೆ ಮಾಲೀಕರಿಗೆ ಹೇಳುವುದೇ ನ್ಯಾಯ. ತುರ್ತಿಗೆ ಬ್ಯಾಟರಿ ಜೋಡಿಸುವಾಗಲೂ ಎಚ್ಚರ ಬೇಕು: ಲಾರಿಯ 24 ವೋಲ್ಟಿನಿಂದ ಜಂಪರ್ ಕೊಟ್ಟರೆ ಕಂಟ್ರೋಲರ್ ಸುಟ್ಟು ಹೋಗಬಹುದು, ಕಾರಿನದೋ ಜೀಪಿನದೋ 12 ವೋಲ್ಟ್ ಸಾಕು.

ಕರೆಂಟು ಸರಿಯಿದೆಯೆಂದಾದ ಮೇಲೆ ಕಿವಿ ಕೆಲಸಕ್ಕೆ ಬರುತ್ತದೆ. ಗುಂಡಿ ಒತ್ತಿದಾಗ ಯಾವ ಸದ್ದೂ ಇಲ್ಲದಿದ್ದರೆ ಫ್ಯೂಸ್, ಬ್ರೇಕರ್, ಗುಂಡಿ ಅಥವಾ ಹಿಂದೆ ಹೇಳಿದ ಅಡ್ಡಗಾವಲು. ಬ್ರೇಕರ್‌ಗಳಲ್ಲಿ ಬಿಸಿಯಾಗಿ ಬಿಟ್ಟು, ತಣ್ಣಗಾಗಿ ತಾನೇ ಸೇರಿಕೊಳ್ಳುವ ಜಾತಿಯಿದೆ. ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಚಲಿಸುವ ಪೆಟ್ಟಿಗೆಯ ಮರ್ಮ ಅದು. ಬಿಟ್ಟ ಬ್ರೇಕರಿನ ಜಾಗಕ್ಕೆ ದಪ್ಪ ವೈರು ಸುತ್ತುವುದು ಮರ, ಥರ್ಮೋಕೋಲ್, ಪ್ಲೈವುಡ್ಡಿನಿಂದ ಕಟ್ಟಿದ ಮನೆಗೆ ಬೆಂಕಿ ಇಟ್ಟಂತೆಯೇ. ಟಕ್ ಎಂಬ ಸದ್ದು ಮಾತ್ರ ಬಂದರೆ ರಿಲೇ ಎಳೆಯುತ್ತಿದೆ ಆದರೆ ಅದರ ಪಾಯಿಂಟ್ ಸುಟ್ಟಿರಬಹುದು, ಇಲ್ಲವೇ ಮೋಟಾರಿನ ಕಾರ್ಬನ್ ಸವೆದಿರಬಹುದು. ಪೆಟ್ಟಿಗೆ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ ಎಂದರೆ ಸಂತೋಷಪಡಬಹುದು, ಮೋಟಾರು ಚೆನ್ನಾಗಿದೆ. ಡಿಸಿ ಮೋಟಾರಿಗೆ ಪ್ಲಸ್ ಮೈನಸ್ ಅದಲುಬದಲಾದರೆ ದಿಕ್ಕು ಬದಲಾಗುತ್ತದೆ, ಅದನ್ನು ಅದಲುಬದಲು ಮಾಡುವ ರಿಲೇಯಲ್ಲೋ ಸ್ವಿಚ್ಚಿನಲ್ಲೋ ದೋಷ. ಒಂದೇ ಮೋಟಾರಿನ ಯಂತ್ರವಾದರೆ ಅದರ ಎರಡು ವೈರುಗಳನ್ನು ಕಳಚಿ, ಸರಿಯಾದ ಫ್ಯೂಸ್ ಮೂಲಕ ನೇರವಾಗಿ 12 ವೋಲ್ಟ್ ಕೊಟ್ಟು ಒಳಗೆ ತರಬಹುದು. ಆಗ ಕಂಟ್ರೋಲರಿನ ಕಾವಲು ಇರುವುದಿಲ್ಲವಾದ್ದರಿಂದ ಪೆಟ್ಟಿಗೆ ತುದಿ ಮುಟ್ಟಿದ ಕೂಡಲೇ ವೈರು ತೆಗೆಯಬೇಕು. ಇನ್ನು ಮೋಟಾರು ಗಿರ್ರನೆ ತಿರುಗುತ್ತಿದ್ದೂ ಕೋಣೆ ಅಲುಗದಿದ್ದರೆ ಮುರಿದದ್ದು ನಡುವೆ ಎಲ್ಲೋ ಇದೆ: ಶಿಯರ್ ಪಿನ್, ಕಪ್ಲಿಂಗ್, ಗೇರ್‌ಬಾಕ್ಸ್. ಶಿಯರ್ ಪಿನ್ನಿನ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಬಾರದು. ರೋಟವೇಟರ್ ರಿಪೇರಿ ಮಾಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

ಯಂತ್ರದ ಬಗೆ ಯಾವುದೆಂದು ತಿಳಿಯದೆ ಮುಂದಿನ ಕೆಲಸ ನಡೆಯದು. ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದಾಗ ಹಲ್ಲಿನ ಉದ್ದ ಪಟ್ಟಿಗಳೂ ಅಡ್ಡ ಶಾಫ್ಟೂ ಕಂಡರೆ ಅದು ರ‍್ಯಾಕ್ ಮತ್ತು ಪಿನಿಯನ್. ಇವುಗಳಲ್ಲಿ ಅತ್ಯಂತ ಗಟ್ಟಿಮುಟ್ಟು, ರಿಪೇರಿಗೆ ಸುಲಭ. ಪಕ್ಕದ ಗೋಡೆಯಂಚಿನಲ್ಲಿ ಮೇಲೊಂದು ಕೆಳಗೊಂದು ಅಲ್ಯೂಮಿನಿಯಂ ಹಲ್ಲುಪಟ್ಟಿ ಇದ್ದು, ಕೆಳಗೆ ಏನೂ ಇಲ್ಲದಿದ್ದರೆ ಗೋಡೆಯೊಳಗಿನ ಬಗೆ. ಶ್ವಿನ್‌ಟೆಕ್ ಎಂಬ ಹೆಸರು ಇದರದ್ದು. ಮೂಲೆಗಳಿಂದ ಸಣ್ಣ ಉಕ್ಕಿನ ಕೇಬಲ್‌ಗಳು ಹೊರಟಿದ್ದರೆ ಕೇಬಲ್ ಬಗೆ. ಹೋಸ್ ಮತ್ತು ಸಿಲಿಂಡರ್ ಕಂಡರೆ ಹೈಡ್ರಾಲಿಕ್.

ಶ್ವಿನ್‌ಟೆಕ್ ಬಗೆ ಹಗುರ, ಆದರೆ ನಾಜೂಕು. ಎರಡು ಬದಿಗೂ ಒಂದೊಂದು ಮೋಟಾರು, ಎರಡೂ ಎಷ್ಟು ಸುತ್ತು ತಿರುಗಿದವೆಂದು ಹಾಲ್ ಸೆನ್ಸಾರ್‌ಗಳು ಎಣಿಸಿ ಕಂಟ್ರೋಲರಿಗೆ ಹೇಳುತ್ತವೆ. ಅರ್ಧಕ್ಕೆ ನಿಲ್ಲಿಸಿ, ಮತ್ತೆ ಒತ್ತಿ, ಮತ್ತೆ ನಿಲ್ಲಿಸುವ ಅಭ್ಯಾಸವಿದ್ದರೆ ಈ ಎಣಿಕೆ ತಪ್ಪಿ ಒಂದು ಬದಿ ಹಿಂದುಳಿಯುತ್ತದೆ. ಸಣ್ಣ ಓರೆಯಾದರೆ ಮದ್ದು ಸುಲಭ: ಪೆಟ್ಟಿಗೆ ಪೂರ್ತಿ ತುದಿ ಮುಟ್ಟಿದ ಮೇಲೂ ಗುಂಡಿಯನ್ನು ಕೆಲವು ಸೆಕೆಂಡು ಹಿಡಿದೇ ಇದ್ದರೆ ಎರಡೂ ಮೋಟಾರುಗಳು ತಾವಾಗಿ ನಿಂತು ಲೆಕ್ಕ ಹೊಂದಿಸಿಕೊಳ್ಳುತ್ತವೆ. ಈ ಬಗೆಯಲ್ಲಿ ಒಂದೇ ಮೋಟಾರಿಗೆ ನೇರ ಕರೆಂಟು ಕೊಡಲೇಬಾರದು. ಕಂಟ್ರೋಲರಿನ ಮೇಲಿನ ಪುಟ್ಟ ದೀಪಗಳು ಮಿನುಗಿ ತಪ್ಪು ಯಾವುದೆಂದು ಹೇಳುತ್ತವೆ. ಬ್ಯಾಟರಿ ಇಳಿದಿದೆಯೋ, ಮೋಟಾರು ಹೆಚ್ಚು ಕರೆಂಟು ಎಳೆಯುತ್ತಿದೆಯೋ, ಸೆನ್ಸಾರಿನ ಸುದ್ದಿ ಬರುತ್ತಿಲ್ಲವೋ ಎಂದು. ವೋಲ್ಟೇಜ್ 8ಕ್ಕಿಂತ ಕೆಳಗಿದ್ದರೆ ಅದು ಹೊರಡುವುದೇ ಇಲ್ಲ. ಈ ಕಂಟ್ರೋಲರಿನಲ್ಲಿ ತುರ್ತು ದಾರಿಯೊಂದಿದೆ: ಮೋಡ್ ಗುಂಡಿಯನ್ನು ಬೇಗಬೇಗ ಆರು ಸಲ ಒತ್ತಿ, ಏಳನೆಯ ಸಲ ಒತ್ತಿ ಹಿಡಿದರೆ ದೀಪಗಳು ಮಿನುಗಿ, ಸೆನ್ಸಾರ್ ಲೆಕ್ಕವಿಲ್ಲದೆಯೇ ಪೆಟ್ಟಿಗೆ ಚಲಿಸಲು ಒಪ್ಪುತ್ತದೆ. ಆಗ ನಿಲ್ಲಿಸುವ ಹೊಣೆ ಪೂರ್ತಿ ಗುಂಡಿ ಒತ್ತುವವರದು, ಓರೆಯಾಗುತ್ತಿದೆಯೇ ಎಂದು ಹೊರಗೊಬ್ಬರು ನೋಡುತ್ತಲೇ ಇರಬೇಕು.

ಕೇಬಲ್ ಬಗೆಯಲ್ಲಿ ಒಂದು ಸಡಿಲವಾದರೆ ಅದೊಂದನ್ನೇ ಬಿಗಿ ಮಾಡಿ ಎದ್ದು ಬರಬಾರದು. ಹೊರಗೆಳೆಯುವ ಕೇಬಲ್‌ಗೆ ಒಳಗೆಳೆಯುವ ಜೋಡಿ ಇರುತ್ತದೆ, ನಾಲ್ಕೂ ಮೂಲೆಗಳ ಬಿಗಿ ಸಮನಾಗಿರಬೇಕು. ಎಳೆ ಬಿಚ್ಚಿಕೊಂಡ ಕೇಬಲ್ ಕಂಡರೆ ಬದಲಿಸುವುದೊಂದೇ ದಾರಿ.

ಹೈಡ್ರಾಲಿಕ್ ಬಗೆಗೆ ಕರೆಯಬೇಕಾದದ್ದು ಜೆಸಿಬಿ ಮೆಕ್ಯಾನಿಕ್‌ಗಳನ್ನು, ಕ್ಯಾರವಾನ್ ತಜ್ಞರನ್ನಲ್ಲ. ಪಂಪು ಓಡುತ್ತಿದ್ದೂ ಪೆಟ್ಟಿಗೆ ನಿಂತಿದ್ದರೆ ಮೊದಲು ಆಯಿಲ್ ಮಟ್ಟ. ಅದನ್ನು ಎಲ್ಲ ಪೆಟ್ಟಿಗೆಗಳೂ ಜಾಕ್‌ಗಳೂ ಒಳಗಿರುವಾಗ ನೋಡುವುದು ಕ್ರಮ. ಹೊರಗಿರುವಾಗ ಟ್ಯಾಂಕ್ ತುಂಬಿಸಿದರೆ, ಸಿಲಿಂಡರ್‌ಗಳು ಒಳಗೆ ಬಂದಾಗ ಆಯಿಲ್ ಉಕ್ಕಿ ಹರಿಯುತ್ತದೆ. ಅನೇಕ ಯಂತ್ರಗಳಿಗೆ ಬೇಕಾದ್ದು ಡೆಕ್ಸ್ರಾನ್ ಬಗೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್. ಟಿಪ್ಪರಿಗೆ ಹಾಕುವ ಆಯಿಲ್ ಕೈಗೆ ಸಿಕ್ಕಿತೆಂದು ಸುರಿಯಬಾರದು, ಟ್ಯಾಂಕಿನ ಮೇಲಿನ ಲೇಬಲ್ ಓದಬೇಕು. ಆಮೇಲೆ ವಾಲ್ವ್: ಗುಂಡಿ ಒತ್ತಿದಾಗ ಸೊಲೆನಾಯ್ಡ್ ಕಾಯಿಲಿಗೆ 12 ವೋಲ್ಟ್ ಬರುತ್ತಿದೆಯೇ, ಅದರ ತುದಿಗೆ ಹಿಡಿದ ಸ್ಕ್ರೂಡ್ರೈವರನ್ನು ಆಯಸ್ಕಾಂತದಂತೆ ಎಳೆಯುತ್ತದೆಯೇ ನೋಡಿದರೆ ಕಾಯಿಲ್ ಸತ್ತಿದೆಯೋ ವಾಲ್ವ್ ಕಚ್ಚಿದೆಯೋ ಗೊತ್ತಾಗುತ್ತದೆ. ಸೋರುವ ಜಾಗವನ್ನು ಬರಿಗೈಯಲ್ಲಿ ಸವರಿ ಹುಡುಕುವ ಅಭ್ಯಾಸ ಪ್ರಾಣಾಪಾಯದ್ದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಡಮಾಡಿದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದೀತು. ರಟ್ಟಿನ ತುಂಡು ಹಿಡಿದು ನೋಡುವುದೇ ಸರಿ.

ಎಲ್ಲ ಪ್ರಯತ್ನ ಮುಗಿದರೂ ಪೆಟ್ಟಿಗೆ ಹೊರಗೇ ಇದ್ದರೆ ಕೈಯಿಂದ ಒಳಗೆ ತರುವ ದಾರಿ ಬಹುತೇಕ ಯಂತ್ರಗಳಲ್ಲಿದೆ. ರ‍್ಯಾಕ್ ಬಗೆಯಲ್ಲಿ ಮೋಟಾರಿನ ಹಿಂದಿನ ಬ್ರೇಕ್ ಲಿವರ್ ಬಿಡಿಸಿ, ಶಾಫ್ಟಿನ ತುದಿಯ ನಟ್ಟನ್ನು ರ‍್ಯಾಚೆಟ್ಟಿನಿಂದ ತಿರುಗಿಸಬೇಕು. ಹೈಡ್ರಾಲಿಕ್ ಬಗೆಯಲ್ಲಿ ವಾಲ್ವನ್ನು ಕೈಯಿಂದ ತೆರೆದು, ಪಂಪಿನ ಮೋಟಾರಿನ ತುದಿಯನ್ನು ಡ್ರಿಲ್ ಹಾಕಿ ತಿರುಗಿಸುವ ಏರ್ಪಾಡು ಹಲವು ಮಾದರಿಗಳಲ್ಲಿದೆ. ಶ್ವಿನ್‌ಟೆಕ್‌ನಲ್ಲಿ ಎರಡೂ ಮೋಟಾರುಗಳನ್ನು ಹಲ್ಲಿನಿಂದ ಬಿಡಿಸಿ, ಜನ ನಿಂತು ದೂಡಬೇಕು. ಆಗ ಒತ್ತು ಬೀಳಬೇಕಾದ್ದು ನೆಲದ ಮಟ್ಟದಲ್ಲಿ, ಎರಡು ಮೂಲೆಗಳಲ್ಲಿ, ಒಟ್ಟಿಗೆ. ಕಿಟಕಿ ಚೌಕಟ್ಟಿನ ಮೇಲೆ ಅಥವಾ ಗೋಡೆಯ ನಡುವೆ ಅಲ್ಲ. ಹಳ್ಳಿಯಲ್ಲಿ ಜನಕ್ಕೆ ಬರವಿಲ್ಲ, ಎಣಿಕೆ ಹೇಳುವವರು ಮಾತ್ರ ಒಬ್ಬರೇ ಇರಬೇಕು. ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಪೆಟ್ಟಿಗೆಯ ಕೆಳಗೆ ಯಾರೂ ಇರಬಾರದು. ಒಳಗೆ ಬಂದ ಪೆಟ್ಟಿಗೆಯನ್ನು ಚಿಲಕವೋ ಬೆಲ್ಟೋ ಹಾಕಿ ಬಿಗಿಯದೆ ಗಾಡಿಯನ್ನು ಹೊರಡಿಸಬಾರದು. ತಿರುವಿನಲ್ಲಿ ಹೊರಗೆ ಜಾರಿದ ಕೋಣೆ ಎದುರಿನಿಂದ ಬರುವ ಬೈಕಿನವರಿಗೆ ಗೋಡೆ.

ಇನ್ನು ಆರೈಕೆ. ಈ ಸೀಮೆಯ ಕೆಮ್ಮಣ್ಣಿನ ಧೂಳಿಗೂ ಗ್ರೀಸಿಗೂ ಆಗಿಬರುವುದಿಲ್ಲ. ತೆರೆದಿರುವ ಹಲ್ಲುಪಟ್ಟಿಗೆ ದಪ್ಪ ಗ್ರೀಸ್ ಬಳಿದರೆ ಎರಡೂ ಬೆರೆತು ಸಾಣೆ ಹಿಡಿಯುವ ಹಿಟ್ಟಾಗುತ್ತದೆ. ಬಟ್ಟೆಯಿಂದ ಒರೆಸಿ, ಒಣಗುವ ಜಾತಿಯ ಸಿಲಿಕೋನ್ ಅಥವಾ ಟೆಫ್ಲಾನ್ ಸ್ಪ್ರೇ ಹೊಡೆದರೆ ಸಾಕು. ರಬ್ಬರ್ ಸೀಲಿಗೆ ಡೀಸೆಲ್, ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಸೋಂಕಬಾರದು, ರಬ್ಬರ್ ಉಬ್ಬಿ ಕೆಡುತ್ತದೆ. ಬಹಳ ದಿನ ಬಿಸಿಲಲ್ಲಿ ಮುಚ್ಚಿಯೇ ನಿಂತ ವಾಹನದಲ್ಲಿ ಸೀಲು ಗೋಡೆಗೆ ಅಂಟಿಕೊಂಡು, ಮೋಟಾರು ಗುಂಯ್‌ಗುಟ್ಟಿ ನಿಲ್ಲುವುದೂ ಉಂಟು. ಅಂಚಿನುದ್ದಕ್ಕೂ ಸಿಲಿಕೋನ್ ಸ್ಪ್ರೇ ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲನೆ ಬಿಡಿಸಿದರೆ ಆಯಿತು.

ಕೈಯಿಂದ ಒಳಗೆ ತಂದ ಗಾಡಿಯನ್ನು ಕಳಿಸಿಕೊಡುವ ಮುನ್ನ, ಬಿಡಿಸಿದ ಬ್ರೇಕ್ ಲಿವರನ್ನು ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಿದ್ದೀರೋ ಇಲ್ಲವೋ ಒಮ್ಮೆ ಬಗ್ಗಿ ನೋಡಿ. ಅದು ಬಿಟ್ಟೇ ಇದ್ದರೆ ಮುಂದಿನ ಊರಿನಲ್ಲಿ ಗುಂಡಿ ಒತ್ತಿದವರಿಗೆ ಮೋಟಾರಿನ ಸದ್ದು ಕೇಳಿಸುತ್ತದೆ, ಪೆಟ್ಟಿಗೆ ನಿಂತಲ್ಲಿ ನಿಲ್ಲುವುದಿಲ್ಲ.